ಬೀಗರ ಮನೆಯ ಅಶ್ರಫಿ

ಆಳಂದದ ಸರಾಫ ಬಜಾರಿನಲ್ಲಿ ಜಗದೇವಪ್ಪನ ಮುಂದೆ ಕೂತು ಕಥೆ ಹೇಳುವ ತಪ್ಪನ್ನು ಗೊತ್ತಿದ್ದವರು ಯಾರೂ ಮಾಡುವುದಿಲ್ಲ. ಹೊಸಬರು ಒಮ್ಮೆ ಮಾಡುತ್ತಾರೆ. “ಇದು ನಮ್ಮ ಮುತ್ಯಾಗ ನಿಜಾಮನ ದರಬಾರದಾಗ ಇನಾಮು ಸಿಕ್ಕಿದ್ದ್ರಿ...” ಎಂದು ಅಫಜಲಪುರದಿಂದ ಬಂದ ಗೌಡನೊಬ್ಬ ಗಂಟಲು ಸರಿಮಾಡಿಕೊಂಡು ಶುರುಹಚ್ಚುವಷ್ಟರಲ್ಲಿ ಮೇಜಿನ ಈಚೆಯಿಂದ ಅಂಗೈಯೊಂದು ಮುಂದೆ ಬಂದಿರುತ್ತದೆ.

“ಕಥಿ ಬ್ಯಾಡ್ರಿ ಗೌಡ್ರ. ಮೊದಲ ನಾಣ್ಯ ಕೊಡ್ರಿ.”

ಗೌಡನ ಅಜ್ಜ ಗಂಟಲಲ್ಲೇ ಉಳಿಯುತ್ತಾನೆ. ಜಗದೇವಪ್ಪ ನಾಣ್ಯದ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಮೇಜಿನ ದೀಪದ ಕೆಳಗೆ ಮೆಲ್ಲಗೆ ಆಚೀಚೆ ವಾಲಿಸಿ, ಆಮೇಲೆ ಕಣ್ಣಿಗೆ ಭೂತಗನ್ನಡಿ ಒತ್ತಿಕೊಳ್ಳುತ್ತಾನೆ. ಅಷ್ಟು ಹೊತ್ತು ಎದುರಿಗಿದ್ದವನು ಕೆಮ್ಮಿದರೂ ಅವನಿಗೆ ಸಿಟ್ಟು. ನೋಡಿ ಮುಗಿದ ಮೇಲೆ ಒಂದೇ ಒಂದು ಶಬ್ದ ಹೇಳಿ ನಾಣ್ಯವನ್ನು ಬಟ್ಟೆಯ ಮೇಲೆ ಇಡುತ್ತಾನೆ. ಆ ಶಬ್ದದ ಮೇಲೆ ಕಲಬುರಗಿ, ಹೈದರಾಬಾದಿನ ವ್ಯಾಪಾರಿಗಳು ಕಣ್ಣುಮುಚ್ಚಿ ಮಾತುಕತೆ ಮುಗಿಸುತ್ತಾರೆ. ಜಗದೇವಪ್ಪ ಮಾತ್ರ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಹಳೆಯ ಚಿನ್ನದ ನಾಣ್ಯ ಯಾವ ಸ್ಥಿತಿಯಲ್ಲಿದೆ ಎಂದು ಹೇಳುವುದಷ್ಟೇ ಅವನ ಕಸುಬು.

ಅವನ ಬಳಿ ಇರುವ ಶಬ್ದಗಳೂ ನಾಲ್ಕೇ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಕೈಯಿಂದ ಕೈಗೆ ಓಡಾಡದ್ದು ಕೋರಾ. ಪೇಟೆಯಲ್ಲಿ ಒಂದಿಷ್ಟು ತಿರುಗಿಯೂ ಮುಖ ಕೆಡದ್ದು ಚಲ್ತಿ. ಅಕ್ಷರ ಅರ್ಧ ಮಾಯವಾದದ್ದು ಸವೆದದ್ದು. ಸರಕ್ಕೆ ಕೊಂಡಿ ಬೆಸೆದದ್ದು, ಅಂಚು ಅರ ಹಾಕಿ ಚಿನ್ನ ಕದ್ದದ್ದು, ಉಜ್ಜಿ ತಿಕ್ಕಿ ಮೈ ಹಾಳುಮಾಡಿದ್ದು, ಇವೆಲ್ಲ ಕೆಟ್ಟದ್ದು. ನಾಲ್ಕರಲ್ಲೂ ಇರುವ ಚಿನ್ನ ಹೆಚ್ಚುಕಡಿಮೆ ಒಂದೇ. ಆದರೆ ಹಳೇ ನಾಣ್ಯ ಕೂಡಿಡುವ ಹುಚ್ಚಿರುವವರು ಕೋರಾಕ್ಕೆ ಪ್ರಾಣ ಬಿಡುತ್ತಾರೆ, ಕೆಟ್ಟದ್ದನ್ನು ಕರಗಿಸಲಿಕ್ಕೆ ಕೊಡು ಎನ್ನುತ್ತಾರೆ.

ಈ ವಿದ್ಯೆ ಅವನಿಗೆ ಮನೆತನದಿಂದ ಬಂದದ್ದಲ್ಲ. ಮನೆತನದ್ದು ಬಟ್ಟೆ ಅಂಗಡಿ. ಅದರ ಪಕ್ಕದಲ್ಲೇ ಚಾಂದಪಾಶಾ ಎಂಬ ಹಳೇ ಸರಾಫನ ಗಾದಿ ಇತ್ತು. ಹರೆಯದ ಜಗದೇವಪ್ಪ ಧೋತರ ಅಳೆಯುವುದನ್ನು ಅರ್ಧಕ್ಕೆ ಬಿಟ್ಟು ಹೋಗಿ ಅಲ್ಲಿ ಕೂಡುತ್ತಿದ್ದ. ಅಪ್ಪ ಬೈದು ಬೈದು ಸುಮ್ಮನಾದ. ನಾಣ್ಯ ನೋಡುವ ಮೊದಲು ಅದರ ಒಡೆಯನ ಮಾತು ಕೇಳಬಾರದು, ಕೇಳಿದರೆ ಕಣ್ಣು ಮೆತ್ತಗಾಗುತ್ತದೆ ಎಂದು ಕಲಿಸಿದವನು ಚಾಂದಪಾಶಾನೇ. ಆದರೆ ಆ ಮುದುಕ ನಾಣ್ಯ ನೋಡಿ ಮುಗಿಸಿದ ಮೇಲೆ ಚಹಾ ತರಿಸಿ, ಗಿರಾಕಿಯ ಮುತ್ಯಾ, ಮರಿಮುತ್ಯಾ, ಮನೆ ಎಮ್ಮೆ, ಎಲ್ಲರ ಕಥೆಯನ್ನೂ ತಾಸುಗಟ್ಟಲೆ ಕೇಳುತ್ತಿದ್ದ. ಶಿಷ್ಯ ಪಾಠದ ಮೊದಲರ್ಧ ಕಲಿತ, ಎರಡನೆಯ ಅರ್ಧ ಗುರುವಿನ ದೌರ್ಬಲ್ಯ ಎಂದುಕೊಂಡ.

ಹೀಗೆ ವರ್ಷಗಟ್ಟಲೆ ಕೂತು ನೋಡಿದರೆ ಮನುಷ್ಯನ ಮೇಲೆ ನಂಬಿಕೆ ಉಳಿಯುವುದಾದರೂ ಹೇಗೆ? ಅಣ್ಣನ ಪಾಲಿನ ಚಿನ್ನದ ಅಶ್ರಫಿಯ ಜಾಗದಲ್ಲಿ ಕೊಂಡಿ ಬೆಸೆದ ನಾಣ್ಯ ಇಟ್ಟ ತಮ್ಮನನ್ನು ಅವನು ಕಂಡಿದ್ದ. ಸತ್ತ ಅತ್ತೆಯ ಪುತಳಿ ಸರದಿಂದ ಒಂದೊಂದೇ ಒಳ್ಳೆಯ ನಾಣ್ಯ ಬಿಡಿಸಿ ಸವೆದದ್ದನ್ನು ಪೋಣಿಸಿದ ಮಾದನಹಿಪ್ಪರಗಾದ ಸೊಸೆಯನ್ನು ಕಂಡಿದ್ದ. ನಾಣ್ಯ ಬದಲಾದ ಒಂದು ಮನೆಯಲ್ಲೂ ಕಳ್ಳ ಹೊರಗಿನಿಂದ ಬಂದದ್ದನ್ನು ಮಾತ್ರ ಕಂಡಿರಲಿಲ್ಲ. ಆ ಅನುಮಾನ ಅಂಗಡಿಯ ಬಾಗಿಲು ಹಾಕಿದರೂ ಹಿಂದೆಯೇ ಬರುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯನ್ನೂ ಬಿಸಿಲಿಗೆ ಹಿಡಿದು ತಿರುಗಿಸುತ್ತಿದ್ದ. “ನನ್ನನ್ನೂ ಹಿಂಗೇ ಬೆಳಕಿಗಿ ಹಿಡದು ನೋಡೇ ಒಪ್ಕೊಂಡಾರ ನೋಡ್ರಿ” ಎಂದು ಹೆಂಡತಿ ಬಸವೇಶ್ವರಿ ನೆಂಟರ ಮುಂದೆ ಚೇಷ್ಟೆ ಮಾಡಿದರೆ ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ.

ಒಬ್ಬಳೇ ಮಗಳು ಶಿವಕಾಂತಾ. ಅವಳನ್ನು ಯಡ್ರಾಮಿಗೆ ಕೊಟ್ಟ ಕಥೆಯನ್ನು ಬಜಾರಿನವರು ತಮಗೆ ಬೇಕಾದಂತೆ ಹೇಳುತ್ತಾರೆ: ಜಗದೇವಪ್ಪ ನಾಣ್ಯ ನೋಡಿ ಹೆಣ್ಣು ಕೊಟ್ಟ ಅಂತ. ಅದು ಪೂರ್ತಿ ಸುಳ್ಳೂ ಅಲ್ಲ. ಮಾತುಕತೆಗೆ ಹೋದ ದಿನ ಊಟವಾದ ಮೇಲೆ ಬೀಗ ಗುರುಶಾಂತಪ್ಪ ಒಳಗಿನಿಂದ ಪುಟ್ಟ ಡಬ್ಬಿ ತಂದು ಅಶ್ರಫಿಯೊಂದನ್ನು ತೋರಿಸಿದ್ದರು. ನಿಜಾಮರ ಕಾಲದ ದೊಡ್ಡ ಅಶ್ರಫಿ, ಒಂದು ಬದಿ ಫಾರಸಿ ಬರಹ, ಇನ್ನೊಂದು ಬದಿ ಚಾರ್‌ಮಿನಾರ್, ಅದರ ಕಮಾನಿನೊಳಗೆ ‘ಐನ್’ ಎಂಬ ಅಕ್ಷರ. ಜಗದೇವಪ್ಪ ಅದನ್ನು ಕಿಟಕಿಯ ಬೆಳಕಿಗೆ ವಾಲಿಸಿದ. ಹೊಳಪು ಒಂದು ಕಡೆ ನಿಲ್ಲದೆ ನಾಣ್ಯದ ಮೈಮೇಲೆ ಸುತ್ತು ಹೊಡೆಯಿತು. ಎಲ್ಲಕ್ಕಿಂತ ಮೊದಲು ಸವೆಯುವ ಮಿನಾರಿನ ತುದಿಗಳು ಈಗ ತಾನೇ ಅಚ್ಚು ಒತ್ತಿದಂತಿದ್ದವು. ಸಾಕೆನ್ನಿಸದೆ ಇನ್ನೊಮ್ಮೆ ವಾಲಿಸಿದ.

“ಬೀಗ್ರೇ, ಇಂಥಾ ಕೋರಾ ನಾ ಕೈಯಾಗ ಹಿಡದಿಲ್ರಿ. ಇದಕ್ಕ ಬಟ್ಟು ತಗಲಿಸಬ್ಯಾಡ್ರಿ. ನೀರು ಸೈತ ಮುಟ್ಟಿಸಬ್ಯಾಡ್ರಿ.”

ಗುರುಶಾಂತಪ್ಪ ಆ ಮಾತನ್ನು ವ್ರತದಂತೆ ಹಿಡಿದರು. ಡಬ್ಬಿಯ ಕೀಲಿ ಯಾರಿಗೂ ಕೊಡಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ತಾವೇ ಡಬ್ಬಿ ಸಮೇತ ತಂದು ಮುಚ್ಚಳ ತೆಗೆದಿಟ್ಟು, ಪೂಜೆ ಮುಗಿಯುತ್ತಲೇ ತಾವೇ ಒಳಗಿಡುತ್ತಿದ್ದರು. ಯಾಕೆ ಎಂದು ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ದೊಡ್ಡವರ ರೀತಿ ಹಾಗೆ ಎಂದು ಮನೆಯವರು ತಿಳಿದರು. ಹೀಗೇ ಕಾಲ ಸರಿಯಿತು. ಕಳೆದ ವರ್ಷ ಅವರು ತೀರಿಕೊಂಡರು. ಆ ದೀಪಾವಳಿ ಸೂತಕದ ವರ್ಷವಾದ್ದರಿಂದ ಹಬ್ಬವಿರಲಿಲ್ಲ. ಈ ಸಲ ಕೀಲಿ ಸೊಸೆಯ ಸೆರಗಿಗೆ ಬಂತು.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಅಳಿಯ ಸುನೀಲಕುಮಾರನ ಫೋನು ಬಂತು. ಮನೆಯ ಮೇಲೊಂದು ಅಂತಸ್ತು ಎಬ್ಬಿಸುವ ವಿಚಾರದಲ್ಲಿ ಅವನು ಅಶ್ರಫಿಯನ್ನು ಹೈದರಾಬಾದಿಗೆ ಒಯ್ದಿದ್ದ. ಅಪ್ಪ ಹಿಂದೆ ತೆಗೆಸಿಟ್ಟಿದ್ದ ಫೋಟೊ ಮೊಬೈಲಿನಲ್ಲಿತ್ತು, ಅದನ್ನೂ ತೋರಿಸಿದ್ದ.

“ಮಾವಾರ, ಆ ವ್ಯಾಪಾರಿ ಫೋಟೊದಾಗಿಂದು ಕೋರಾ ಅಂದ್ರಿ. ಕೈಯಾಗಿಂದು ಕೋರಾ ಅಲ್ಲ ಅಂದ. ಅಷ್ಟೇ ಅಂದು ಸುಮ್ಕಾದ. ನೀವೊಮ್ಮೆ ಬಂದು ನೋಡಿ ಹೋಗ್ರಿ.”

“ಶಿವಕಾಂತಾ ಏನಂತಾಳ್ರಿ?” ಎಂದು ಕೇಳಬೇಕಿತ್ತು. ಜಗದೇವಪ್ಪ ಕೇಳಿದ್ದು, “ಡಬ್ಬಿ ಕೀಲಿ ಯಾರ ಹಂತ್ಯಾಕ ಇತ್ತ್ರಿ?” ಎಂದು.

“ನಿಮ್ಮ ಮಗಳ ಹಂತ್ಯಾಕ್ರಿ.”

ಅಳಿಯ ಇನ್ನೇನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೋರಾ ಹೋಗಿ ಬೇರೆ ನಾಣ್ಯ ಬಂದಿದೆ, ಕೀಲಿ ಮಗಳ ಕೈಯಲ್ಲಿದೆ, ಅವಳ ಅಪ್ಪ ಆಳಂದದಲ್ಲಿ ಅಂಥವೇ ನಾಣ್ಯಗಳ ನಡುವೆ ಕೂತಿದ್ದಾನೆ. ಇದನ್ನು ಕೂಡಿಸಿ ನೋಡಲು ಯಡ್ರಾಮಿಯವರಿಗೆ ಹೈದರಾಬಾದಿನ ಸಹಾಯ ಬೇಕಾಗಿರಲಿಲ್ಲ. ಜಗದೇವಪ್ಪನಿಗೆ ಎರಡು ಭಯ. ತನ್ನ ಹೆಸರು ಹೋಗುವ ಭಯ ಒಂದು ಕಡೆ. ಮಗಳು ಗಂಡನ ಮನೆಯಲ್ಲಿ ಕಳ್ಳಿ ಎನ್ನಿಸಿಕೊಂಡರೆ ಮುಂದೆ ಅಲ್ಲಿ ಹೇಗೆ ತಲೆ ಎತ್ತಿ ಬಾಳುತ್ತಾಳೆ ಎಂಬ ಭಯ ಇನ್ನೊಂದು ಕಡೆ.

ಬೆಳಿಗ್ಗೆ ಹೊರಟಾಗ ಬಸವೇಶ್ವರಿ ಬುತ್ತಿ ಕಟ್ಟಿ ಕೈಗೆ ಕೊಟ್ಟು ಹೇಳಿದಳು. “ನನ್ನ ಮಗಳು ಅಂಥಾಕಿ ಅಲ್ಲ. ಹೋದ ಕೂಡ್ಲೇ ಅಷ್ಟು ಹೇಳ್ರಿ ಅವರಿಗಿ.”

“ನೋಡದಽ ಹ್ಯಾಂಗ ಹೇಳ್ಲಿ?” ಎಂದ ಜಗದೇವಪ್ಪ.

ಬಸವೇಶ್ವರಿ ಅವನ ಮುಖವನ್ನೇ ನೋಡಿದಳು. “ಬಸ್ಸಿಗಿ ಹೊತ್ತಾಗ್ತದ, ನಡ್ರಿ” ಎಂದಳು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ಕಡೆ ಹೊರಟಾಗ ಹೊಲಗಳ ತುಂಬ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಅವನ ಕಣ್ಣಿಗೆ ಅದು ಬೀಳಲೇ ಇಲ್ಲ. ಪಂಚಮಿಗೆ ತವರಿಗೆ ಬಂದಾಗ ಶಿವಕಾಂತಾ ಕೇಳಿದ್ದ ಮಾತು ತಲೆಯಲ್ಲಿ ತಿರುಗುತ್ತಿತ್ತು. “ಅಪ್ಪಾ, ಕೋರಾ ಅಶ್ರಫಿಗಿ ಈಗ ಭಾವ ಹ್ಯಾಂಗ ನಡದದ?” ಎಂದು ರೊಟ್ಟಿ ಬಡಿಯುತ್ತ ಕೇಳಿದ್ದಳು. ಅವನು ಹೇಳಿದ್ದ. ಯಾಕೆ ಬೇಕು ಎಂದು ಕೇಳಿರಲಿಲ್ಲ. ಯಡ್ರಾಮಿಯಲ್ಲಿ ಒಂದು ಹೊಲಿಗೆ ಅಂಗಡಿ ಹಾಕಬೇಕೆಂಬ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಅತ್ತೆ ಮಲ್ಕಮ್ಮ ಒಪ್ಪಿರಲಿಲ್ಲ. ಅದೂ ಈಗ ನೆನಪಾಯಿತು. ಬೇಡ ಬೇಡವೆಂದರೂ ಮನಸ್ಸು ಒಂದರ ಪಕ್ಕ ಒಂದನ್ನು ಜೋಡಿಸುತ್ತ ಹೋಯಿತು. ಭೀಮಾ ಸೇತುವೆ ದಾಟುವಾಗ ಎಲ್ಲರೂ ನದಿಗೆ ಕೈಮುಗಿದರು. ಇವನು ಮುಗಿಯಲು ಮರೆತ.

ಮಾದನಹಿಪ್ಪರಗಾದ ಆ ಸೊಸೆಯೂ ನೋಡಲಿಕ್ಕೆ ಎಷ್ಟು ಸಾಧು ಇದ್ದಳು ಎಂದು ಅವನಿಗೆ ಅನ್ನಿಸಿತು. ಮರುಗಳಿಗೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಅನುಮಾನ ಹೋಗಲಿಲ್ಲ.

ಯಡ್ರಾಮಿಯ ಮನೆಯ ಬಾಗಿಲಲ್ಲಿ ಶಿವಕಾಂತಾ ಕಾಲಿಗೆ ನೀರು ಹಿಡಿದು ನಿಂತಿದ್ದಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ತಂಬಿಗೆ ಕೊಡುತ್ತಲೇ ದನಿ ತಗ್ಗಿಸಿ, “ಅಪ್ಪಾ, ನಾ...” ಎಂದಳು.

“ತಡಿ. ಮೊದಲ ನಾಣ್ಯ ನೋಡ್ತೇನಿ.”

ಬಾಯಿಂದ ಅದು ಹೊರಬಿದ್ದದ್ದು ರೂಢಿಯಿಂದ. ಅಂಗಡಿಯಲ್ಲಿ ಸಾವಿರ ಸಲ ಆಡಿದ ಮಾತು. ಶಿವಕಾಂತಾ ತಂಬಿಗೆ ವಾಪಸು ತೆಗೆದುಕೊಂಡು ಒಳಗೆ ಸರಿದಳು.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಮಲ್ಕಮ್ಮ ಗೋಡೆಗೆ ಒರಗಿ ಕೂತಿದ್ದರು. ಗಂಡ ಹೋದ ಮೇಲೆ ಇಳಿದು ಹೋಗಿದ್ದ ಹೆಂಗಸು. ಶರಣು ಹೇಳಿ, ಊರಿನ ಕ್ಷೇಮ ಕೇಳಿ, ಚಹಾ ಆಯಿತು. ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

“ಬೀಗ್ರೇ, ನಾ ಯಾರಿಗೂ ಏನೂ ಅಂದಿಲ್ರಿ” ಎಂದರು ಮಲ್ಕಮ್ಮ. “ಸತ್ತವ್ರು ಜೀವದಾಂಗ ಕಾಯ್ದ ಒಡವಿ. ಅದು ಹ್ಯಾಂಗ ಬದಲಾತು ಅಷ್ಟು ನನಗ ತಿಳಿಬೇಕು. ನೀವೇ ನೋಡಿ ಹೇಳ್ರಿ. ನಿಮ್ಮ ಮಗಳು ಅಂತ ಬ್ಯಾರೆ ಹೇಳಬ್ಯಾಡ್ರಿ.”

“ಇದ್ದದ್ದು ಹೇಳ್ತೇನ್ರಿ” ಎಂದ ಜಗದೇವಪ್ಪ.

ಸುನೀಲಕುಮಾರ ಡಬ್ಬಿ ತಂದಿಟ್ಟ. ಶಿವಕಾಂತಾ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಳು. ಜಗದೇವಪ್ಪ ಕೈ ಒರೆಸಿಕೊಂಡು, ಮೊಣಕಾಲ ಮೇಲೆ ಬಿಳಿ ಬಟ್ಟೆ ಹಾಸಿ, ನಾಣ್ಯದ ಅಂಚು ಹಿಡಿದೆತ್ತಿದ. ಕಿಟಕಿಯ ಬೆಳಕಿಗೆ ವಾಲಿಸಿದ.

ಹೊಳಪು ಸುತ್ತು ಹೊಡೆಯಲಿಲ್ಲ. ಇಡೀ ನಾಣ್ಯ ಒಂದೇ ಸಮ ಪಳಪಳ ಎನ್ನುತ್ತಿತ್ತು, ಹಬ್ಬದ ಮುನ್ನಾದಿನ ಬೆಳಗಿಟ್ಟ ಹಿತ್ತಾಳೆ ಗಿಂಡಿಯ ಹಾಗೆ. ಮಿನಾರಿನ ತುದಿಗಳು ಮೊಂಡಾಗಿದ್ದವು. ಆವತ್ತು ಕಂಡ ಆ ಕೋರಾ ಇದಲ್ಲ ಎಂದು ಅವನ ಕಣ್ಣು ಒಂದೇ ಏಟಿಗೆ ಹೇಳಿತು.

ಅವನು ತಲೆ ಎತ್ತಿ ಮಗಳನ್ನು ನೋಡಿದ.

ಆ ನೋಟದಲ್ಲಿ ಏನಿತ್ತೆಂದು ಅವನಿಗೇ ಆಗ ತಿಳಿದಿರಲಿಲ್ಲ. ಅಂಗಡಿಯಲ್ಲಿ ತಮ್ಮಂದಿರನ್ನು, ಸೊಸೆಯರನ್ನು ಎಷ್ಟೋ ಸಲ ಹಾಗೆ ನೋಡಿದ್ದ. ಶಿವಕಾಂತಾ ಕಣ್ಣು ತಗ್ಗಿಸಲಿಲ್ಲ. ಒಂದು ಗಳಿಗೆ ಅವನನ್ನೇ ದಿಟ್ಟಿಸಿ, ಆಮೇಲೆ ನಿಧಾನಕ್ಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವನು ಮತ್ತೆ ನಾಣ್ಯಕ್ಕೆ ಬಗ್ಗಿದ.

ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಮೊದಲಿನಿಂದ ಶುರುಮಾಡಿದ. ಒಮ್ಮೆ ಚೆನ್ನಾಗಿ ನೋಡಿದ ನಾಣ್ಯ ಅವನಿಗೆ ಮರೆಯುವುದಿಲ್ಲ. ಆವತ್ತಿನದಂತೂ ಕನಸಿನಲ್ಲಿ ಬಂದ ನಾಣ್ಯ. ಎಡ ಮಿನಾರಿನ ಪಕ್ಕದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆ ಇರಬೇಕು, ಅಚ್ಚು ಬಿರುಕು ಬಿಟ್ಟಾಗ ಬಿದ್ದದ್ದು. ಇತ್ತು. ಅದೊಂದೇ ಸಾಲದು, ಅದೇ ಅಚ್ಚಿನಲ್ಲಿ ಒತ್ತಿದ ಬೇರೆ ನಾಣ್ಯದಲ್ಲೂ ಅದು ಇರಬಹುದು. ಕೆಳಗಡೆ ಅಂಚಿನ ಗೀರುಹಲ್ಲುಗಳ ನಡುವೆ ಒಂದು ಚಿಕ್ಕ ತಗ್ಗು ಇರಬೇಕು, ಯಾವಾಗಲೋ ಕಲ್ಲಿಗೆ ತಾಗಿದಂಥದ್ದು. ಆವತ್ತು ಅದನ್ನು ಕಂಡು, ಇದೊಂದಿರದಿದ್ದರೆ ಎಂದು ಮರುಗಿದ್ದ. ಬೆರಳು ಮೆಲ್ಲಗೆ ಜಾರಿಸಿದ. ಇತ್ತು.

“ಆ ಫೋಟೊ ದೊಡ್ಡದು ಮಾಡಿ ತೋರಿಸ್ರಿ” ಎಂದು ಅಳಿಯನಿಗೆ ಹೇಳಿದ. ಮೊಬೈಲಿನಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು.

ಇನ್ನೊಮ್ಮೆ ನಾಣ್ಯದ ಮೈ ನೋಡಿದ. ಒಂದೇ ದಿಕ್ಕಿನಲ್ಲಿ ಸುತ್ತುಸುತ್ತಾಗಿ ನೂರಾರು ಸಣ್ಣ ಗೀರು. ಕಮಾನಿನೊಳಗಿನ ‘ಐನ್’ ಅಕ್ಷರದ ಹೊಟ್ಟೆಯಲ್ಲಿ ಏನೋ ಬೆಳ್ಳಗೆ ಕೂತಿತ್ತು. ಕಡ್ಡಿಯ ತುದಿಯಿಂದ ಅದನ್ನು ಎಬ್ಬಿಸಿ ಬಟ್ಟೆಯ ಮೇಲೆ ಉದುರಿಸಿದ. ವಿಭೂತಿ.

ಅವನಿಗೆ ಎಲ್ಲಾ ತಿಳಿಯಿತು. ಆಳಂದದ ತನ್ನ ಮನೆಯ ಹಿತ್ತಲಲ್ಲಿ ಪ್ರತಿ ದೀಪಾವಳಿಯ ಮುಂಚೆ ಬಸವೇಶ್ವರಿ ಬೆಳ್ಳಿ ಬಂಗಾರವನ್ನೆಲ್ಲ ಮುಂದೆ ಹರಡಿಕೊಂಡು ಕೂಡುತ್ತಿದ್ದಳು. ಮೊದಲು ಹುಣಸೆಹಣ್ಣಿನ ನೀರು, ಆಮೇಲೆ ವಿಭೂತಿ ಪುಡಿ, ಹಳೇ ಹತ್ತಿ ಬಟ್ಟೆ, ದುಂಡಗೆ ಕೈ ಆಡಿಸಿ ಆಡಿಸಿ ಮುಖ ಕಾಣುವ ತನಕ ತಿಕ್ಕುವುದು. ಮಗ್ಗುಲಲ್ಲಿ ಪುಟ್ಟ ಶಿವಕಾಂತಾ ಕೂತು ಕಾಲುಂಗುರ ತಿಕ್ಕುತ್ತಿದ್ದಳು. ಮಾಸಿದ ಒಡವೆಯನ್ನು ಲಕ್ಷ್ಮಿಯ ಮುಂದೆ ಇಡಬಾರದು. ಲಿಂಗಾಯತರ ಮನೆಯಲ್ಲಿ ಬೆಳೆದ ಯಾವ ಹೆಣ್ಣುಮಗಳಿಗೂ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಚಿನ್ನದ ಹಳೇ ನಾಣ್ಯವನ್ನು ಮಾತ್ರ ತಿಕ್ಕಬಾರದು ಎಂದು ಹೇಳಬೇಕಾಗಿದ್ದವನು ದಿನವೂ ಅದೇ ಹಿತ್ತಲು ದಾಟಿ ಅಂಗಡಿಗೆ ಹೋಗುತ್ತಿದ್ದ. ಅಂಗಡಿಯ ಮಾತು ಹೆಂಗಸರಿಗೆ ಯಾಕೆ ಎಂದು ಅವನ ಎಣಿಕೆ.

“ನಾಣ್ಯ ಇದೇ ಅದ್ರಿ” ಎಂದ ಜಗದೇವಪ್ಪ. “ಬದಲಾಗಿಲ್ಲ. ಅಚ್ಚಿನ ಗೆರಿ ಅದೇ ಅದ, ಅಂಚಿನ ತಗ್ಗು ಅದೇ ಅದ. ಫೋಟೊದಾಗ ನೀವೇ ನೋಡ್ರಿ. ಇದನ್ನ ಹುಣಸಿಹಣ್ಣು, ಇಬತ್ತಿ ಹಚ್ಚಿ ತಿಕ್ಕ್ಯಾರ. ಅದಕ್ಕ ಮಾರಿ ಬ್ಯಾರೆ ಕಾಣಾಕತ್ತದ.”

ಸುನೀಲಕುಮಾರ ಮೊಬೈಲು ಹಿಡಿದು ಬಗ್ಗಿದ. ಭೂತಗನ್ನಡಿಯಲ್ಲಿ ನಾಣ್ಯವನ್ನು ಒಂದು ಸಲ, ಫೋಟೊವನ್ನು ಒಂದು ಸಲ ನೋಡಿದ. ಅವನ ಕಿವಿ ಕೆಂಪಾಯಿತು.

“ತಿಕ್ಕಿದ್ರ ಹಿಂಗ ಆಗ್ತದೇನ್ರಿ ಮಾವಾರ? ಬಂಗಾರ ತಿಕ್ಕಿದ್ರ ಚಲೋ ಆಗೂದಲ್ಲೇನ್ರಿ?”

“ಒಡವಿಗಿ ಚಲೋ. ಕೋರಾ ನಾಣ್ಯಕ್ಕ ಮೇಲಿನ ತೊಗಲೇ ಜೀವ. ಅದು ಹೋತಂದ್ರ ಮತ್ತ ಬರಂಗಿಲ್ಲ.”

“ಅಂದ್ರ ಈಗ ಇದು ಏನ್ರಿ?”

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಕೋರಾ ಅಂದರೆ ಸುಳ್ಳಾಗುತ್ತದೆ. ಚಲ್ತಿ ಅಂದರೂ ಸುಳ್ಳೇ. ತಾನೇ ಒಮ್ಮೆ ಕೋರಾ ಎಂದಿದ್ದ ಆ ನಾಣ್ಯವನ್ನು ಬಟ್ಟೆಯ ಮೇಲಿಟ್ಟು ಹೇಳಿದ. “ಕೆಟ್ಟದ್ದು.”

ಮಲ್ಕಮ್ಮನವರ ಕೈ ಬಾಯಿಗೆ ಹೋಯಿತು. “ಯಪ್ಪಾ... ತಿಕ್ಕುವಾಗ ನಾನೂ ಮಗ್ಗಲದಾಗೇ ಕುಂತಿದ್ದೆನಲ್ರಿ! ಹುಣಸಿಹಣ್ಣು ನೆನಿ ಹಾಕಿ ಕೊಟ್ಟಾಕಿ ನಾನೇ. ಎಷ್ಟು ಹೊಳಿತದ ನೋಡವ್ವ, ನಿಮ್ಮ ಮಾವ ಒಂದಿನಾನೂ ತೊಳಿಲಿಲ್ಲ ಅಂದೆ. ಆ ಕೆಲಸದ ನೆನಪೇ ಆಗಲಿಲ್ಲ ನನಗ. ಬದಲಾಗ್ಯದ ಅಂದ ಕೂಡ್ಲೇ ಬದಲಾಗ್ಯದ ಅಂತೇ ಹಿಡಕೊಂಡು ಕುಂತೆ.”

ಯಾರಿಗೆ ತಾನೇ ನೆನಪಾದೀತು? ಹಬ್ಬಕ್ಕೆ ಒಡವೆ ತಿಕ್ಕುವುದು ಮುಖ ತೊಳೆದುಕೊಂಡಷ್ಟೇ ಸಹಜ. ಅದನ್ನೊಂದು ಸುದ್ದಿಯೆಂದು ಅತ್ತೆಯೂ ನೆನಪಿಟ್ಟಿರಲಿಲ್ಲ, ಸೊಸೆಯೂ ಇಟ್ಟಿರಲಿಲ್ಲ.

“ಹೇಳಬೇಕಾದಾವ ನಾನ್ರಿ” ಎಂದ ಜಗದೇವಪ್ಪ. “ಬೀಗರಿಗಷ್ಟೇ ಹೇಳಿ ಬಿಟ್ಟೆ.”

ಸುನೀಲಕುಮಾರ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಗೆ ಏನೋ ಹೇಳಿದ. ಅವಳು ತಲೆ ಅಲ್ಲಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸತೊಡಗಿತು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಮೊಸರು. ಮಲ್ಕಮ್ಮ ತಾವೇ ನಿಂತು ಬಡಿಸಿದರು. “ಬೀಗ್ರೇ, ಮನಸಿನ್ಯಾಗ ಇಟ್ಕೋಬ್ಯಾಡ್ರಿ. ಒಡವಿ ಹೋದ್ರ ಹೋಗ್ಲಿ, ಮನಿ ಮಂದಿ ನೆಟ್ಟಗಿದ್ರ ಸಾಕು” ಎಂದು ಎರಡೆರಡು ಸಲ ಹೇಳಿದರು. ಜಗದೇವಪ್ಪನಿಗೆ ನಿನ್ನೆಯಿಂದ ಸತ್ತು ಹೋಗಿದ್ದ ಹಸಿವು ತಿರುಗಿ ಬಂದಿತ್ತು. ಒಳಗೊಳಗೇ ಒಂದು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ತನ್ನ ಕಣ್ಣು ಮಗಳನ್ನು ಉಳಿಸಿತು. ಬೇರೆ ಯಾರಾದರೂ ನೋಡಿದ್ದರೆ ಆ ಅಂಚಿನ ತಗ್ಗು ಕಾಣುತ್ತಿತ್ತೇ?

ಊಟವಾಗಿ ಹಿತ್ತಲಿಗೆ ಹೋದಾಗ ಕೈ ತೊಳೆಯಲು ನೀರು ಹಾಕಿದವಳು ಶಿವಕಾಂತಾ.

“ಎಲ್ಲಾ ನೆಟ್ಟಗಾತು ಬಿಡವ್ವ” ಎಂದ. “ಇನ್ನ ಯಾರೂ ನಿನಗ ಏನೂ ಅನ್ನಂಗಿಲ್ಲ. ನನಗ ಭಾವ ಯಾಕ ಕೇಳಿದ್ದಿ ಪಂಚಮ್ಯಾಗ?”

“ಇವರು ಮಾರೂದಂತ ಮಾತಾಡ್ತಿದ್ರು. ನಾ ಕೇಳ್ಕೊಂಡ ಬರ್ತೇನಿ ಅಂದಿದ್ದೆ.” ದನಿಯಲ್ಲಿ ಸಿಟ್ಟಿರಲಿಲ್ಲ. ತಂಬಿಗೆಯಿಂದ ನೀರು ಒಂದೇ ಸಮ ಬೀಳುತ್ತಿತ್ತು. “ಅದನ್ನೂ ಬಸ್ಸಿನ್ಯಾಗ ನೆನಸ್ಕೋತ ಬಂದಿಯೇನಪಾ?”

ಜಗದೇವಪ್ಪ ಕೈ ತೊಳೆಯುವುದನ್ನು ನಿಲ್ಲಿಸಿದ.

“ಇವರು ಹೈದ್ರಾಬಾದದಿಂದ ಬಂದ ದಿನ ಅತ್ತಿ ನನ್ನ ಒಳಗ ಕರದು ಕುಂದ್ರಿಸ್ಕೊಂಡ್ರು” ಎಂದಳು ಶಿವಕಾಂತಾ. “ನೀ ತೊಗೊಂಡೀಯೇನವಾ, ಇದ್ರ ಹೇಳು ಅಂದ್ರು. ಇಲ್ಲ ಅಂದೆ. ನಂಬಿದ್ರೋ ಬಿಟ್ರೋ, ಕೇಳಿದ್ರಂತೂ ಖರೆ. ಇವರೂ ಕೇಳಿದ್ರು. ನನ್ನ ಕೇಳದಾಂವ ನೀ ಒಬ್ಬನೇ.”

“ಅದು ನನ್ನ ಕಸುಬಿನ ರೀತಿ ಅದವ್ವ. ಮೊದಲ ನೋಡೂದು, ಆಮ್ಯಾಲ...”

“ನಾ ನಿನ್ನ ಗಿರಾಕಿ ಏನಪಾ?”

ಅವನಿಗೆ ಕುತ್ತಿಗೆಯವರೆಗೂ ನಾಚಿಕೆ ಏರಿತು.

“ಅಪ್ಪ ಬಂದ್ರ ಸಾಕು ಅಂತ ರಾತ್ರಿಯೆಲ್ಲ ಕಾದಿದ್ದೆ. ಬಂದಾಂವ ನಾಣ್ಯ ನೋಡ್ದಿ. ನೋಡಿ ನನ್ನ ಮಾರಿ ನೋಡ್ದಿ.” ಇಲ್ಲಿ ಮಾತ್ರ ಅವಳ ದನಿ ಒಡೆಯಿತು. “ಅತ್ತೀನೂ ನನ್ನ ಹಂಗ ನೋಡಿದ್ದಿಲ್ಲಪಾ.”

ಇಲ್ಲವೆಂದು ಹೇಳಬಹುದಿತ್ತು. ಬೆಳಕು ಕಣ್ಣಿಗೆ ಕುಕ್ಕಿತ್ತು, ಬೇರೆ ಏನೋ ಯೋಚಿಸುತ್ತಿದ್ದೆ ಎಂದು ಏನಾದರೂ ಹೇಳಬಹುದಿತ್ತು. ಆದರೆ ಕಂಡದ್ದನ್ನು ಕಂಡಿಲ್ಲವೆನ್ನುವ ರೂಢಿ ಅವನಿಗಿರಲಿಲ್ಲ, ಮತ್ತು ಇವಳು ತನ್ನನ್ನೇ ಹೋತ ಮಗಳು; ಒಂದು ಸಲ ನೋಡಿದ್ದನ್ನು ಮರೆಯುವವಳಲ್ಲ.

“ತಪ್ಪಾತವ್ವ” ಎಂದ. “ಈಗ ಕೇಳ್ತೇನಿ. ಈಗ ಹೇಳು ನೀ.”

“ಈಗ ಏನ ಹೇಳ್ಲಿ?” ಎಂದಳು ಶಿವಕಾಂತಾ. “ನಾಣ್ಯ ಹೇಳ್ಯದಲ್ಲ.”

ತಂಬಿಗೆಯಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಒರೆಸಿಕೊಳ್ಳಲು ಟವೆಲು ಅವನ ಹೆಗಲಿಗೆ ಹಾಕಿ ಒಳಗೆ ಹೋದಳು. ಹೊರಡುವಾಗ ಕಾಲಿಗೆ ಬಿದ್ದಳು, ಅವ್ವನಿಗೆಂದು ಹಪ್ಪಳ ಕಟ್ಟಿಕೊಟ್ಟಳು, ಮಗಳು ಮಾಡಬೇಕಾದ ಕೆಲಸವನ್ನೆಲ್ಲ ಒಂದೂ ಬಿಡದೆ ಮಾಡಿದಳು.

ಅಳಿಯ ಬೈಕಿನ ಮೇಲೆ ಬಸ್ ನಿಲ್ದಾಣಕ್ಕೆ ಬಿಟ್ಟು ಹೋದ. ಜೇವರ್ಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತ ಜಗದೇವಪ್ಪನ ಜೇಬಿನಲ್ಲಿ ಫೋನು ರಿಂಗಾಯಿತು. ಬಸವೇಶ್ವರಿ. ನಾಣ್ಯದ ಮಾತು ಅವಳು ಎತ್ತುವುದಿಲ್ಲ, ಮಗಳು ಹ್ಯಾಂಗದಾಳ ಎಂದೇ ಮೊದಲು ಕೇಳುತ್ತಾಳೆ. ಏನು ಹೇಳಬೇಕೆಂದು ತಿಳಿಯದೆ ಅವನು ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕೂತ. ಅದು ರಿಂಗಾಗಿ ರಿಂಗಾಗಿ ನಿಂತಿತು, ಮತ್ತೆ ಶುರುವಾಯಿತು.